123 ಬಾಯಿಪಾಠ, 212 ಗೊತ್ತೇ ಇರಲಿಲ್ಲ

ಹೋದ ತಿಂಗಳು ಯಾದಗಿರಿಯ ಹುಡುಗನೊಬ್ಬ ಫೋನ್ ಮಾಡಿದ್ದ. ಅಮೆರಿಕದಲ್ಲಿ ಅಂತರರಾಷ್ಟ್ರೀಯ ಭದ್ರತೆಯ ಮೇಲೆ ಪಿಎಚ್‌ಡಿ, ಅಮೆರಿಕ ಸರ್ಕಾರದ ಸ್ಕಾಲರ್‌ಶಿಪ್, ವಿನಿಮಯ ಕಾರ್ಯಕ್ರಮದಲ್ಲಿ ಬರುವವರಿಗೆ ಕೊಡುವ ಜೆ-1 ವೀಸಾ. "ಸರ್, ಆ ಎರಡು ವರ್ಷದ ರೂಲ್ ತೆಗೆದು ಹಾಕ್ಯಾರಂತಲ್ರೀ" ಎಂದ. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇದ್ದು ಬರಬೇಕೆಂಬ ನಿಯಮ ಅದು. ನನ್ನ ಎದೆ ಧಸಕ್ ಎಂದಿತು.

ಜಿಆರ್‌ಇ, ಶಿಫಾರಸು ಪತ್ರ ಎಲ್ಲ ನಿಮಗೆ ಗೊತ್ತು, ಬಿಡಿ. ನಾನು ಜಾರಿ ಬಿದ್ದ ಜಾಗವನ್ನು ಮಾತ್ರ ತೋರಿಸುತ್ತೇನೆ.

ನಾನು ಕಲಬುರಗಿಯವನು. ನನ್ನ ಪ್ರಬಂಧ 2008ರ ಭಾರತ-ಅಮೆರಿಕ ಅಣು ಒಪ್ಪಂದದ ಮೇಲೆ. ಅದನ್ನು 123 ಒಪ್ಪಂದ ಅಂತಾರಲ್ವಾ, 1954ರ ಅಮೆರಿಕದ ಅಣುಶಕ್ತಿ ಕಾಯ್ದೆಯ 123ನೇ ಸೆಕ್ಷನ್‌ನಿಂದ ಬಂದ ಹೆಸರು. ಅದರ ಅಡಿಟಿಪ್ಪಣಿಗಳೂ ನನಗೆ ಬಾಯಿಪಾಠ. ಆದರೆ ಜೆ-1 ವೀಸಾಕ್ಕೆ ಆಧಾರವಾದ ನನ್ನದೇ ಡಿಎಸ್-2019 ಫಾರ್ಮಿನ ಕೆಳಗಿನ ಎಡಮೂಲೆಯನ್ನು ನಾನು ಓದಿರಲಿಲ್ಲ. ಅಲ್ಲಿ 212(ಇ) ಎಂದು ಒಂದು ಗುರುತು ಇತ್ತು.

ವಲಸೆ ಕಾಯ್ದೆಯ ಈ ಸೆಕ್ಷನ್ ಹೇಳುವುದಿಷ್ಟು. ನಿಮ್ಮ ಕಾರ್ಯಕ್ರಮಕ್ಕೆ ಅಮೆರಿಕ ಸರ್ಕಾರವೋ ಭಾರತ ಸರ್ಕಾರವೋ ಭಾಗಶಃ ದುಡ್ಡು ಕೊಟ್ಟಿದ್ದರೂ, ಒಟ್ಟು ಎರಡು ವರ್ಷ ಸ್ವದೇಶದಲ್ಲಿ ಇದ್ದು ಬರಬೇಕು. ಅಲ್ಲಿಯವರೆಗೆ ಕೆಲಸಕ್ಕೆ ಬೇಕಾದ ಎಚ್ ವೀಸಾ ಇಲ್ಲ, ಕಂಪನಿಯೊಳಗಿನ ವರ್ಗಾವಣೆಯ ಎಲ್ ವೀಸಾ ಇಲ್ಲ, ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡ್ ಇಲ್ಲ. ಕುಟುಂಬದವರಿಗೆ ಕೊಡುವ ಜೆ-2 ವೀಸಾದಲ್ಲಿ ಜೊತೆಗೆ ಬಂದ ಹೆಂಡತಿಗೂ ಅದೇ ಗತಿ. ನನಗೆ ಅಸಿಸ್ಟೆಂಟ್ ಪ್ರೊಫೆಸರ್ ಕೆಲಸ ಸಿಕ್ಕಾಗ ವಿಶ್ವವಿದ್ಯಾಲಯದವರು ಫಾರ್ಮ್ ಕೇಳಿದರು. ಆಗಲೇ ಬಣ್ಣ ಬಯಲಾಯಿತು. ಒಂದು ಸೆಮಿಸ್ಟರ್ ಕಾದರು. ಎರಡು ವರ್ಷ ಯಾರು ಕಾಯ್ತಾರೆ?

ಮುಂದಿನ ದಡ್ಡತನ ಇನ್ನೂ ದೊಡ್ಡದು. ಅಮೆರಿಕದ ಹೊರಗಿದ್ದರೆ ಸಾಕು ಅಂದುಕೊಂಡು ಲಂಡನ್‌ನಲ್ಲಿ ಆರು ತಿಂಗಳ ಫೆಲೋಶಿಪ್ ಮಾಡಿದೆ. ಒಂದು ದಿನವೂ ಲೆಕ್ಕಕ್ಕೆ ಬರಲಿಲ್ಲ. ಕಲಬುರಗಿಗೆ ಬಂದ ಮೇಲೆ ಸಿಂಗಾಪುರದ ಸಮ್ಮೇಳನಕ್ಕೆ ಹೋದ ದಿನಗಳನ್ನೂ ಕಳೆಯಬೇಕಾಯಿತು. "ಮನ್ಯಾಗ ಇದ್ರ ಏನ್ ಹಾನಿ ಆಗ್ತದ?" ಎಂದು ಅಪ್ಪ ನಗುತ್ತಿದ್ದರು. ನಾನು ಮಾತ್ರ ಕ್ಯಾಲೆಂಡರ್ ಮೇಲೆ ಗೀಟು ಹಾಕುತ್ತ, ಬೋರ್ಡಿಂಗ್ ಪಾಸುಗಳನ್ನು ಫೈಲಿಗೆ ಅಂಟಿಸುತ್ತ ಕೂತಿದ್ದೆ.

ವಿನಾಯಿತಿ? ಭಾರತದಿಂದ ಆಕ್ಷೇಪಣೆ ಇಲ್ಲ ಎಂಬ ಪತ್ರ ತರಿಸುವ ದಾರಿ ಇದೆ. ಆದರೆ ಅಮೆರಿಕ ಸರ್ಕಾರದ ದುಡ್ಡು ಪಡೆದವರಿಗೆ ಅದು ಸಾಮಾನ್ಯವಾಗಿ ಫಲಿಸುವುದಿಲ್ಲ. ಇದನ್ನು ತಿಳಿಯಲು ನಾನು ವಕೀಲರೊಬ್ಬರಿಗೆ 2,000 ಡಾಲರ್ ಕೊಟ್ಟೆ. ನಿಮಗೆ ಪುಕ್ಕಟೆ.

ಯಾದಗಿರಿಯ ಹುಡುಗ ಓದಿದ ಸುದ್ದಿ ಸುಳ್ಳಲ್ಲ. ಕೆಲವು ಕೌಶಲಗಳಿಗಾಗಿಯೇ ಈ ನಿಯಮ ಹೇರುವ ಒಂದು ಪಟ್ಟಿ ಇದೆ. 2024ರ ಡಿಸೆಂಬರ್‌ನಲ್ಲಿ ಭಾರತ ಅದರಿಂದ ಹೊರಬಂತು. ಸರ್ಕಾರದ ದುಡ್ಡಿನ ಗಂಟು ಹಾಗೇ ಇದೆ. ಇನ್ನು ಕೆಲವರು ರಿಸರ್ಚ್ ಸ್ಕಾಲರ್‌ಗಳ 24 ತಿಂಗಳ ತಡೆಯನ್ನೂ ಇದನ್ನೂ ಒಂದೇ ಅಂದುಕೊಳ್ಳುತ್ತಾರೆ. ಅದು ಮತ್ತೆ ಅದೇ ಜೆ-1 ವರ್ಗದಲ್ಲಿ ಬರುವುದಕ್ಕೆ ಮಾತ್ರ. ಎಚ್-1ಬಿ ಎಂಬ ಕೆಲಸದ ವೀಸಾಕ್ಕೆ ಅಡ್ಡ ಬರುವುದಿಲ್ಲ.

ಈ ವಿಷಯ ಓದುವ ನಮಗೆಲ್ಲ ಇರುವ, ಸರ್ಕಾರಕ್ಕೆ ಸಲಹೆ ಕೊಡುವ ಕನಸಿನ ಬಗ್ಗೆ ಎರಡು ಮಾತು. ನನ್ನ ಕೇಳಿದರೆ ಈ ವಿಷಯದಲ್ಲಿ ಅಮೆರಿಕವೇ ವಾಸಿ. ಹಾರ್ವರ್ಡ್‌ನ ಪ್ರೊಫೆಸರ್ ಕಿಸಿಂಜರ್ 1969ರಲ್ಲಿ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿ ನೇರ ಶ್ವೇತಭವನಕ್ಕೆ ಹೋದರು. ನಮ್ಮ ದೆಹಲಿಯಲ್ಲಿ ಫೈಲು ಅಧಿಕಾರಿಗಳ ಕೈ ದಾಟುವುದೇ ಅಪರೂಪ. ಆದರೆ ಮರೀಬೇಡಿ, ಜರ್ಮನಿಯಲ್ಲಿ ಹುಟ್ಟಿದ ಕಿಸಿಂಜರ್ 1943ರಲ್ಲೇ ಅಮೆರಿಕದ ಪ್ರಜೆಯಾಗಿದ್ದರು. ಪೌರತ್ವ ಇಲ್ಲದವರಿಗೆ ಸೆಕ್ಯೂರಿಟಿ ಕ್ಲಿಯರೆನ್ಸ್, ಅಂದರೆ ಗೋಪ್ಯ ಕಡತ ನೋಡುವ ಅನುಮತಿ, ಸಿಗುವುದಿಲ್ಲ. ಹಾಗಾಗಿ ನಮ್ಮಂಥವರಿಗೆ ಉಳಿಯುವುದು ವಿಶ್ವವಿದ್ಯಾಲಯ ಮತ್ತು ಥಿಂಕ್ ಟ್ಯಾಂಕ್, ಅಂದರೆ ನೀತಿ ಅಧ್ಯಯನ ಸಂಸ್ಥೆ. ವಿಶ್ವವಿದ್ಯಾಲಯದ ಎಚ್-1ಬಿಗೆ ವರ್ಷಕ್ಕೆ 85,000 ವೀಸಾಗಳ ಮಿತಿ ಇಲ್ಲ, ಲಾಟರಿಯೂ ಇಲ್ಲ. ಖಾಸಗಿ ಸಲಹಾ ಕಂಪನಿಗೆ ಹಾರಿದರೆ ಲಾಟರಿ ಇದೆ. ಥಿಂಕ್ ಟ್ಯಾಂಕ್ ಯಾವ ಕಡೆಗೆ ಬರುತ್ತದೆ ಅಂತ ಸಹಿ ಹಾಕುವ ಮೊದಲೇ ಕೇಳಿ. ಮತ್ತೆ, ಪತ್ರಿಕೆಗೆ ಸುಮ್ನೆ ಲೇಖನ ಬರೆದರೆ ಹೆಸರು ಬರುತ್ತದೆ, ಟೆನ್ಯೂರ್, ಅಂದರೆ ಕಾಯಂ ಹುದ್ದೆ, ಬರುವುದಿಲ್ಲ.

ಮೊನ್ನೆ ಬೀದರಿನ ಹುಡುಗಿಯೊಬ್ಬಳು ತನ್ನ ಫಾರ್ಮಿನ ಫೋಟೋ ಕಳಿಸಿದ್ದಳು. ತರಬೇತಿ ವಿಮಾನಗಳ ಸದ್ದು ಕೇಳುತ್ತ ಬೆಳೆದವಳು, ವಾಯುಪಡೆಗಳ ಬಗ್ಗೆ ಸಂಶೋಧನೆ ಮಾಡಬೇಕಂತೆ. ಫೋಟೋದಲ್ಲಿ ಹೆಸರು, ವಿಶ್ವವಿದ್ಯಾಲಯ, ಡಾಲರ್ ಮೊತ್ತ ಎಲ್ಲ ಸ್ಪಷ್ಟ. ಕೆಳಗಿನ ಎಡಮೂಲೆಯ ಮೇಲೆ ಅವಳ ಹೆಬ್ಬೆರಳಿತ್ತು. ಬೆರಳು ತೆಗೆದು ಇನ್ನೊಂದು ಕಳಿಸಮ್ಮಾ ಎಂದೆ.