ಇಂಬೋಲ್ಕ್ ಹಬ್ಬಕ್ಕೆ ಕ್ರೈಸ್ತ ಅತಿಥಿಗಳನ್ನು ಕರೆಯುವ ಬಗೆ: ನನ್ನ ಅನುಭವ

ಇಂಗ್ಲೆಂಡಿನ ಪೇಗನ್ (ಕ್ರೈಸ್ತಧರ್ಮಕ್ಕೆ ಮುಂಚಿನ ದೇವದೇವಿಯರನ್ನು ಪೂಜಿಸುವವರ) ಕೂಟಗಳಲ್ಲಿ, ಹೊರಗಿನವರೂ ಬರಬಹುದಾದ ಆಚರಣೆಗೆ ನಾನು ಆರಿಸುವುದು ವಸಂತದ ಆರಂಭದ ಹಬ್ಬ ಇಂಬೋಲ್ಕ್. ಫೆಬ್ರವರಿ 1 ನಮಗೆ ಬ್ರಿಜಿಡ್ ದೇವಿಯ ದಿನ, ಕ್ರೈಸ್ತರಿಗೆ ಸಂತ ಬ್ರಿಜಿಡಳ ದಿನ. ಮರುದಿನವೇ ಚರ್ಚುಗಳಲ್ಲಿ ಮೇಣದಬತ್ತಿಗಳನ್ನು ಆಶೀರ್ವದಿಸುವ ಕ್ಯಾಂಡಲ್ಮಸ್. ದೀಪ ಇಬ್ಬರಿಗೂ ಹತ್ತಿರದ್ದು. ಸತ್ತವರನ್ನು ಕರೆಯುವ ಅಕ್ಟೋಬರ್ ಕೊನೆಯ ಸಾವಿನ್ (Samhain) ಹಬ್ಬ ಮೊದಲ ಸಲ ಬರುವವರಿಗೆ ಬೇಡ.

ಆಹ್ವಾನ ಎರಡು ವಾರ ಮೊದಲೇ ಹೋಗಬೇಕು, ಜೊತೆಗೆ ಒಂದು ಪುಟದಲ್ಲಿ ಅಂದು ನಡೆಯುವುದೆಲ್ಲ ಅನುಕ್ರಮವಾಗಿ ಇರಬೇಕು. "ಪ್ರಕೃತಿಯ ಹಬ್ಬ ಅಷ್ಟೇ" ಎಂದು ಮೆತ್ತಗೆ ಬರೆಯುವುದು ನಮ್ಮವರು ಮಾಡುವ ದೊಡ್ಡ ತಪ್ಪು. ಅಲ್ಲಿ ದೇವಿಯನ್ನು ಹೆಸರಿಟ್ಟು ಆವಾಹಿಸಿದ ಕೂಡಲೇ ಅತಿಥಿಗೆ ಮೋಸವಾಯಿತು ಅನ್ನಿಸುತ್ತದೆ, ಅದು ನ್ಯಾಯವೂ ಹೌದು. ಚರ್ಚಿನ ಸಭಾಂಗಣವನ್ನು ಬಾಡಿಗೆಗೆ ಕೇಳುವಾಗಲೂ ಇದೇ ಪುಟವನ್ನು ಕೊಡುತ್ತೇನೆ. ಬೇಡ ಎಂದರೆ ಬೇರೆ ಜಾಗ ಹುಡುಕುತ್ತೇನೆ.

ಮೊದಲು ಕೈಕೆಲಸ, ಆಮೇಲೆ ಪೂಜೆ. ಜೊಂಡಿನ ಕಡ್ಡಿಗಳಿಂದ ಬ್ರಿಜಿಡ್ ಶಿಲುಬೆ ಹೆಣೆಯಲು ಒಬ್ಬೊಬ್ಬರಿಗೆ ಒಂದು ಅಡಿ ಉದ್ದದ 16 ಹಸಿ ಕಡ್ಡಿ ಸಾಕು. ಒಂದನ್ನು ನೆಟ್ಟಗೆ ಹಿಡಿದು, ಇನ್ನೊಂದನ್ನು ಮಧ್ಯಕ್ಕೆ ಮಡಚಿ ಅದರ ನಡುವಿಗೆ ಸುತ್ತಿ, ತುದಿಗಳೆರಡೂ ಬಲಕ್ಕೆ ಬರುವಂತೆ ಬಿಗಿ ಹಿಡಿಯಬೇಕು. ಇಡೀ ಕಟ್ಟನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಆ ತುದಿಗಳು ಮೇಲಾಗುತ್ತವೆ. ಮುಂದಿನ ಕಡ್ಡಿಯನ್ನು ಅವುಗಳ ಮೇಲೆ ಮಡಚಿ ಮತ್ತೆ ಬಲಕ್ಕೆ. ಕಡ್ಡಿಗಳು ಮುಗಿದಾಗ ನಾಲ್ಕು ತೋಳುಗಳನ್ನೂ ದಾರದಿಂದ ಕಟ್ಟಿ ತುದಿ ಕತ್ತರಿಸಬೇಕು. ಪ್ರತಿ ಮಡಿಕೆಯನ್ನೂ ನಡುವಿಗೆ ಒತ್ತದಿದ್ದರೆ, ಜೊಂಡು ಒಣಗಿ ಕುಗ್ಗಿದಾಗ ನಡುಭಾಗ ಸಡಿಲಾಗಿ ಬಿಚ್ಚಿಕೊಳ್ಳುತ್ತದೆ.

ಕೈ ಹೆಣೆಯುತ್ತಿರುವಾಗ ಇತಿಹಾಸ ಹೇಳುತ್ತೇನೆ, ಐದೇ ನಿಮಿಷ. "ಚರ್ಚು ನಮ್ಮ ಹಬ್ಬ ಕದ್ದಿತು" ಎಂಬ ಮಾತನ್ನು ಹತ್ತಿರ ಬರಗೊಡುವುದಿಲ್ಲ. ಸಂತಳ ಚರಿತ್ರೆಯನ್ನು ಐರ್ಲೆಂಡಿನ ಸನ್ಯಾಸಿ ಕೊಗಿಟೋಸಸ್ 7ನೇ ಶತಮಾನದಲ್ಲಿ ಬರೆದ. ದೇವಿಯ ಮಾತು ಬರುವ ಕೊರ್ಮಾಕ್‌ನ ಐರಿಷ್ ನಿಘಂಟು ಸುಮಾರು ಕ್ರಿ.ಶ. 900ರದು. ಬರಹದಲ್ಲಿ ಸಂತಳೇ ಮೊದಲು, ಅದನ್ನು ಒಪ್ಪಿಕೊಳ್ಳಬೇಕು. ಹಿಂದೆ ಯೂರೋಪಿನಲ್ಲಿ 90 ಲಕ್ಷ ಮಾಟಗಾತಿಯರನ್ನು ಸುಟ್ಟರು ಎಂದು ನಮ್ಮವರು ಹೇಳುವ ಲೆಕ್ಕವೂ ಸುಳ್ಳು. ಇತಿಹಾಸಕಾರರ ಅಂದಾಜು ಯೂರೋಪಿನಾದ್ಯಂತ 40ರಿಂದ 60 ಸಾವಿರ, ಅವರಲ್ಲೂ ಬಹುಪಾಲು ಕ್ರೈಸ್ತರೇ. ಐರ್ಲೆಂಡಿನ ಕಿಲ್ಡೇರ್‌ನಲ್ಲಿ ಹಿಂದೆ ಸಂತಳ ಹೆಸರಲ್ಲಿ ಆರದೆ ಕಾಯುತ್ತಿದ್ದ ಬ್ರಿಜಿಡ್ ಜ್ವಾಲೆಯನ್ನು 1993ರಲ್ಲಿ ಮತ್ತೆ ಹೊತ್ತಿಸಿದವರು ಕ್ರೈಸ್ತ ಸನ್ಯಾಸಿನಿಯರು ಎಂದು ಹೇಳುವಾಗ ನನಗೆ ನಿಜಕ್ಕೂ ಹೆಮ್ಮೆ.

ಪೂಜೆಗೆ ಎಲ್ಲರೂ ನಿಲ್ಲುವ ವೃತ್ತ ಕಟ್ಟುವಾಗ ಪ್ರದಕ್ಷಿಣೆಯ ದಿಕ್ಕಿನಲ್ಲೇ ನಡೆಯುತ್ತೇವೆ. ಒಳಗೆ ಸುಮ್ಮನೆ ನಿಲ್ಲಬಹುದು, ಹೊರಗೆ ಕುರ್ಚಿಯಲ್ಲಿ ಕೂರಲೂಬಹುದು. ಮಧ್ಯೆ ಹೊರಡಬೇಕೆನ್ನುವವರಿಗೆ ದಾರಿ ಬಿಡಲು ಪೂರ್ವದಲ್ಲಿ ಒಬ್ಬರು ನಿಂತಿರುತ್ತಾರೆ. ಅವರು ಕಾರಣ ಕೇಳಬಾರದು. ಹೊಸಬರಿಂದ ಪ್ರತಿಜ್ಞೆ ಮಾಡಿಸುವುದಿಲ್ಲ, 18 ತುಂಬದವರು ತಂದೆತಾಯಿಯ ಜೊತೆಗೇ ಬರಬೇಕು. ಫೋಟೋ ಖಂಡಿತ ಇಲ್ಲ: ಮನೆಯಲ್ಲಿ, ಕೆಲಸದಲ್ಲಿ ತಾವು ಪೇಗನ್ ಎಂದು ಹೇಳಿಕೊಳ್ಳದವರು ಎಷ್ಟೋ ಮಂದಿ ಇರುತ್ತಾರೆ. ಮೇಣದಬತ್ತಿಯ ಹತ್ತಿರ ಸಿಂಥೆಟಿಕ್ ನಿಲುವಂಗಿಯ ಅಗಲ ತೋಳು ಬೇಡ, ಪಕ್ಕದಲ್ಲೇ ಒಂದು ಬಕೆಟ್ ನೀರು ಇರಲಿ.

ಎಡವುವುದು ಹೆಚ್ಚಾಗಿ ರೊಟ್ಟಿ, ಪಾನೀಯದ ಹತ್ತಿರ. ವಿಗ್ರಹಗಳಿಗೆ ಅರ್ಪಿಸಿದ ಆಹಾರದ ಬಗ್ಗೆ ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ದೀರ್ಘ ಚರ್ಚೆಯಿದೆ. ಅದನ್ನು ಓದಿ ನಡೆಯುವ ಕ್ರೈಸ್ತರಿಗೆ ನಮ್ಮ ನೈವೇದ್ಯದ ರೊಟ್ಟಿ ಆತ್ಮಸಾಕ್ಷಿಯ ಪ್ರಶ್ನೆ. ಅವರು ಬೇಡವೆಂದರೆ ಅದು ಅವಮಾನವಲ್ಲ. ಆದ್ದರಿಂದ ಅರ್ಪಣೆಗೆ ಮೊದಲೇ ಅರ್ಧ ರೊಟ್ಟಿಯನ್ನು ಬೇರೆ ಕೋಣೆಯಲ್ಲಿ ಎತ್ತಿಟ್ಟು, "ಇದು ಅರ್ಪಿಸದೆ ಇಟ್ಟದ್ದು" ಎಂದು ಎಲ್ಲರ ಮುಂದೆ ಹೇಳುತ್ತೇನೆ. ಪಾನೀಯ 20 ಜನರಿಗೆ 300 ಮಿಲಿಲೀಟರ್ ಸಾಕು, ತಲೆಗೊಂದು ಗುಟುಕು. ಜೇನಿನಿಂದ ಮಾಡಿದ ಮೀಡ್ ಒಂದು ಬಟ್ಟಲಲ್ಲಿ, ಸೇಬಿನ ರಸ ಇನ್ನೊಂದರಲ್ಲಿ. ಕುಡಿತ ಬಿಟ್ಟವರು ನಮ್ಮಲ್ಲೂ ಇದ್ದಾರೆ. ಕುಡಿಯದವರು ಬಟ್ಟಲನ್ನು ಮುಟ್ಟಿ ಪಕ್ಕಕ್ಕೆ ದಾಟಿಸಬಹುದು. ಅವರು ದಾಟಿಸುವಾಗ ಯಾರೂ ಮುಖ ನೋಡಬಾರದು ಎಂದು ನಮ್ಮವರಿಗೆ ಮೊದಲೇ ತಿಳಿಸಿರುತ್ತೇನೆ.

ಕ್ರೈಸ್ತರ ಚರ್ಚಿಗೆ ಹೋದಾಗ ನಾನೂ ಹೀಗೇ: ಎಲ್ಲರೂ ಎದ್ದಾಗ ಎದ್ದು ನಿಲ್ಲುತ್ತೇನೆ, ವಿಶ್ವಾಸಪ್ರಮಾಣ ಹೇಳುವುದಿಲ್ಲ, ಪರಮಪ್ರಸಾದ ತೆಗೆದುಕೊಳ್ಳುವುದಿಲ್ಲ. ಆಂಗ್ಲಿಕನ್ ಚರ್ಚಾದರೆ ಎದೆಯ ಮೇಲೆ ಕೈ ಅಡ್ಡ ಇಟ್ಟು ಮುಂದೆ ಹೋದರೂ ಪಾದ್ರಿ ಆಶೀರ್ವಾದ ಮಾತ್ರ ಕೊಡುತ್ತಾರೆ.

ಕೊನೆಗೆ ಉಳಿದ ಗುಟುಕು ಮಣ್ಣಿಗೆ. ಮರಕ್ಕೆ ಹರಕೆಯ ಬಟ್ಟೆ ಕಟ್ಟಲು ಬಿಡುವುದಿಲ್ಲ, ನೈಲಾನ್ ಕೊಳೆಯದೆ ಕೊಂಬೆ ದಪ್ಪವಾದಂತೆ ತೊಗಟೆಯೊಳಕ್ಕೆ ಕೊರೆಯುತ್ತದೆ. ಶಿಲುಬೆಯನ್ನು ಅವರವರೇ ಒಯ್ದು ಬಾಗಿಲ ಮೇಲೆ ತೂಗುಹಾಕುತ್ತಾರೆ. ಪಾದ್ರಿಯಿಂದ ಆಶೀರ್ವಾದ ಮಾಡಿಸಿಕೊಳ್ಳುತ್ತೇವೆ ಎನ್ನುವವರಿಗೆ ಕಾಗದದಲ್ಲಿ ಸುತ್ತಿ ಕೊಡುತ್ತೇನೆ.