ಹಳೆಯ ಟರ್ಬೊ ಕಾರಿನ ಬೈಪಾಸ್ ವಾಲ್ವ್ ಬದಲಿಸುವ ಕ್ರಮ

ಗೋವಾದಿಂದ ಬೆಳಗಾವಿಗೆ ಚೋರ್ಲಾ ಘಾಟ್ ಹತ್ತುವಾಗ ಹಳೆಯ ಪೆಟ್ರೋಲ್ ಟರ್ಬೊ ಕಾರು ಎಳೆತ ಕಳೆದುಕೊಂಡರೆ, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊವನ್ನೇ ಬಿಚ್ಚಿಸುವ ಮೊದಲು ಬೈಪಾಸ್ ವಾಲ್ವನ್ನು, ಅಂದರೆ ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಾದ ಒತ್ತಡದ ಗಾಳಿಯನ್ನು ಟರ್ಬೊದ ಒಳಹರಿವಿಗೇ ಮರಳಿಸುವ ಕವಾಟವನ್ನು, ಪರೀಕ್ಷಿಸಬೇಕು. ಅದರೊಳಗಿನ ರಬ್ಬರ್ ಡಯಾಫ್ರಾಮ್ (ತೆಳು ಪೊರೆ) ಹರಿದಿರುವ ಸಾಧ್ಯತೆ ಹೆಚ್ಚು.

ಎಂಜಿನ್ ಪೂರ್ತಿ ತಣಿದ ಮೇಲೆ, ವಾಲ್ವ್ ಕೂತಿರುವ ದಿಕ್ಕಿನ ಫೋಟೋ ತೆಗೆದುಕೊಂಡು, ಕ್ಲಿಪ್‌ಗಳನ್ನು ಸಡಿಲಿಸಿ, ಸಣ್ಣ ವ್ಯಾಕ್ಯೂಮ್ ಪೈಪನ್ನೂ ಎರಡು ದಪ್ಪ ಪೈಪ್‌ಗಳನ್ನೂ ಕಳಚಿರಿ. ಸಣ್ಣ ನಳಿಕೆಗೆ ಕೈಪಂಪಿನಿಂದ ವ್ಯಾಕ್ಯೂಮ್ ಕೊಟ್ಟಾಗ ವಾಲ್ವ್ ತೆರೆದು ಹಾಗೆಯೇ ನಿಲ್ಲದಿದ್ದರೆ ಅದನ್ನು ಬದಲಿಸಲೇಬೇಕು. ಬಿರುಕುಬಿಟ್ಟ ಪೈಪ್‌ಗಳನ್ನೂ ಜೊತೆಗೇ ಹೊಸದಾಗಿಸಿರಿ.

ಹೊಸದಾಗಿ ಹಾಕಲು, ರಬ್ಬರ್ ಪೊರೆಯ ಬದಲು ಲೋಹದ ಪಿಸ್ಟನ್ ಇರುವ ವಾಲ್ವ್ ಒಳ್ಳೆಯ ಆಯ್ಕೆಯೇ ಸರಿ. ಆದರೆ ಸದ್ದಿನ ಆಸೆಗೆ ಗಾಳಿಯನ್ನು ಹೊರಗೆ ಬಿಡುವ ವಾಲ್ವ್ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ: ಏರ್‌ಫ್ಲೋ ಸೆನ್ಸರ್ ಅಳೆದ ಗಾಳಿ ಎಂಜಿನ್ ಸೇರದೆ ಹೋದರೆ, ಆ ಅಳತೆಯ ಲೆಕ್ಕದಲ್ಲಿ ಬಿಟ್ಟ ಪೆಟ್ರೋಲ್ ಗೇರ್ ಬದಲಿಸುವ ಹೊತ್ತಿಗೆ ಅತಿಯಾಗಿ ಕಾರು ತಡವರಿಸುತ್ತದೆ.