ಬಾಡಿಗೆ ಗಾಡಿ ಮಾತಾಡುವ ಮೊದಲು: ಬಳ್ಳಾರಿಗೆ ಹೊಸದಾಗಿ ಬಂದವರಿಗೆ

ಬಳ್ಳಾರಿಗೆ ವರ್ಗವಾಗಿ ಬಂದವರು ಮೊದಲ ತಿಂಗಳಲ್ಲೇ ಹಂಪಿಗೆ ಹೊರಡುತ್ತಾರೆ. ಊರಿಂದ ಅಪ್ಪ ಅಮ್ಮ ಬಂದರೆ ಮಂತ್ರಾಲಯ ಆಗಲೇಬೇಕು. ಸ್ವಂತ ಕಾರು ಇನ್ನೂ ಹಳೆ ಊರಲ್ಲೇ ಇರುತ್ತದೆ. ಹಾಗಾಗಿ ಬಾಡಿಗೆ ಗಾಡಿ ಬೇಕು. ನಮ್ಮ ಸಂಘಕ್ಕೆ ಬರುವ ಹೊಸ ಕುಟುಂಬದವರು ಮೊದಲು ಕೇಳುವುದು ‘ಕಿಲೋಮೀಟರಿಗೆ ಎಷ್ಟು?’ ಅಂತ. ಮೊದಲು ನಂಬರ್ ಪ್ಲೇಟ್ ನೋಡಿ, ಆಮೇಲೆ ರೇಟು ಕೇಳಿ ಅನ್ನುತ್ತೇವೆ ನಾವು.

ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಟ್ಯಾಕ್ಸಿ, ಡ್ರೈವರ್ ಜೊತೆಗೆ ಬರುತ್ತದೆ. ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇದ್ದರೆ ನೀವೇ ಓಡಿಸಲು ಬಾಡಿಗೆಗೆ ಕೊಡುವ ಗಾಡಿ. ಬಿಳಿ ಬೋರ್ಡಿನದು ಮಾಲೀಕರ ಸ್ವಂತ ಬಳಕೆಗೆ ಮಾತ್ರ. ಅದನ್ನು ಬಾಡಿಗೆಗೆ ಬಿಡುವುದು ಕಾನೂನಿಗೆ ವಿರುದ್ಧ. ‘ಗುರುತಿನವರ ಗಾಡಿ, ಕಡಿಮೆಗೆ ಕೊಡ್ತಾರೆ’ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ದಾರಿಯಲ್ಲಿ ಏನಾದರೂ ಆದರೆ ಇನ್ಶೂರೆನ್ಸ್ ಕಂಪನಿ ಕ್ಲೈಮ್ ತಿರಸ್ಕರಿಸಬಹುದು. ಆಗ ಖರ್ಚೆಲ್ಲ ಯಾರ ತಲೆಗೆ ಬರುತ್ತದೆ ಹೇಳಿ?

ಇದು ಸುಮ್ನೆ ಹೆದರಿಸುವ ಮಾತಲ್ಲ. ನಾನು ಇಲ್ಲಿಗೆ ಬಂದ ವರ್ಷ ಇಂಥದೇ ಬಿಳಿ ಬೋರ್ಡಿನ ಗಾಡಿಯಲ್ಲಿ ಅಮ್ಮನನ್ನು ಮಂತ್ರಾಲಯಕ್ಕೆ ಕರೆದುಕೊಂಡು ಹೊರಟಿದ್ದೆ. ದಾರಿಯಲ್ಲಿ ತಪಾಸಣೆಗೆ ನಿಲ್ಲಿಸಿದರು. ಗಾಡಿ ಅಲ್ಲೇ ಉಳಿಯಿತು. ಏಪ್ರಿಲ್ ಬಿಸಿಲಲ್ಲಿ ಅಮ್ಮ ರಸ್ತೆ ಬದಿ ಬೇವಿನ ಮರದ ಕೆಳಗೆ ಎರಡು ಗಂಟೆ ಕೂತರು. ಕೊನೆಗೆ ಬಸ್ಸಿಗೆ ಕೈ ಮಾಡಿ ಹತ್ತಿದೆವು. ಉಳಿಸಿದ ದುಡ್ಡು ಆರು ನೂರು ರೂಪಾಯಿ.

ಮಂತ್ರಾಲಯ ಆಂಧ್ರದಲ್ಲಿದೆ ಅನ್ನುವುದನ್ನು ಹೊಸಬರು ಮರೆತುಬಿಡುತ್ತಾರೆ. ಬಳ್ಳಾರಿಯಿಂದ ಹೋದರೂ ರಾಯಚೂರಿನಿಂದ ಹೋದರೂ ಗಡಿ ದಾಟಲೇಬೇಕು. ಹಳದಿ ಬೋರ್ಡ್ ಇದ್ದರಷ್ಟೇ ಸಾಲದು, ಹೊರ ರಾಜ್ಯಕ್ಕೆ ಹೋಗುವ ಪರ್ಮಿಟ್ ಕೂಡ ಬೇಕು. ‘ಅಣ್ಣಾ, ಆಲ್ ಇಂಡಿಯಾ ಪರ್ಮಿಟ್ ಇದೆಯಾ? ಇಲ್ಲದಿದ್ದರೆ ಗಡಿ ಟ್ಯಾಕ್ಸ್ ಯಾರ ಲೆಕ್ಕ?’ ಅಂತ ಹಿಂದಿನ ದಿನವೇ ಕೇಳಿ. ಇಲ್ಲಿ ಡ್ರೈವರನ್ನು ಅಣ್ಣಾ ಅಂತಲೇ ಕರೆಯುವುದು. ನೇರವಾಗಿ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ಲೆಕ್ಕದ ವಿಷಯ. ಹೊರ ಊರಿನ ಬಾಡಿಗೆಗೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರ್ ಅಂತ ಹಿಡಿಯುವುದು ರೂಢಿ. ಹೊಸಪೇಟೆ ಇಲ್ಲಿಂದ ಸುಮಾರು 60 ಕಿಲೋಮೀಟರ್, ಅಲ್ಲಿಂದ ಹಂಪಿ ಹನ್ನೆರಡು ಹದಿಮೂರು. ಹೋಗಿ ಬಂದರೂ ಕನಿಷ್ಠದ ಲೆಕ್ಕ ಮುಟ್ಟುವುದಿಲ್ಲ, ದುಡ್ಡು ಮಾತ್ರ ಅಷ್ಟಕ್ಕೂ ಕೊಡಬೇಕು. ಅದಕ್ಕೇ ಅದೇ ದಿನ ತುಂಗಭದ್ರಾ ಡ್ಯಾಮ್ ಅಥವಾ ದರೋಜಿ ಕರಡಿಧಾಮ ಸೇರಿಸಿಕೊಳ್ಳಿ. ದರೋಜಿಗೆ ಮಧ್ಯಾಹ್ನದ ಮೇಲೆ ಹೋಗಿ, ಕರಡಿಗಳು ಬಂಡೆಯಿಂದ ಇಳಿಯುವುದು ಆಗಲೇ. ಆನೆಗೊಂದಿ, ಅಂಜನಾದ್ರಿ ಹಂಪಿಯಿಂದ ಕಣ್ಣಿಗೆ ಕಾಣುತ್ತವೆ, ಆದರೆ ನಡುವೆ ಹೊಳೆ ಇದೆ. ಕಾರು ಸುತ್ತು ಹಾಕಿ ಕೊಪ್ಪಳ ಜಿಲ್ಲೆಗೆ ಹೋಗಬೇಕು. ಆ ಕಿಲೋಮೀಟರೂ ಮೊದಲೇ ಮಾತಾಡಿ. ಬಾಟಾ (ಡ್ರೈವರಿನ ದಿನದ ಭತ್ಯೆ), ಟೋಲ್, ಪಾರ್ಕಿಂಗ್ ರೇಟಿನಲ್ಲಿ ಸೇರಿದೆಯೋ ಇಲ್ಲವೋ, ಮೀಟರ್ ಲೆಕ್ಕ ನಿಮ್ಮ ಮನೆಯಿಂದಲೋ ಗಾಡಿ ನಿಲ್ಲಿಸುವ ಶೆಡ್ಡಿನಿಂದಲೋ, ಇವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಡ್ರೈವರ್ ಊಟ ಮಾಡಿದ್ದಾರಾ ಅಂತ ಕೇಳುವುದನ್ನೂ ಮರೆಯಬೇಡಿ. ಮನೆಯವರ ಜೀವ ಅವರ ಕೈಯಲ್ಲಿರುತ್ತದೆ.

ನೀವೇ ಓಡಿಸುವುದಾದರೆ ಕೀ ತೆಗೆದುಕೊಳ್ಳುವ ಮೊದಲು ಗಾಡಿಯ ಸುತ್ತ ಒಂದು ವಿಡಿಯೋ ಮಾಡಿ. ಬಂಪರ್, ಚಕ್ರ, ಗ್ಲಾಸು, ಸ್ಟೆಪ್ನಿ, ಪೆಟ್ರೋಲ್ ಮುಳ್ಳು ಎಲ್ಲ ಕಾಣಬೇಕು. ವಾಪಸ್ ಕೊಡುವಾಗಲೂ ಮಾಡಿ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರು ಕೆಲಸಕ್ಕೆ ಅಂತ, ಮಕ್ಕಳು ಹೊರದೇಶದಲ್ಲಿರುವವರು ಅವರನ್ನು ನೋಡಲು ಅಂತ ವಿದೇಶಕ್ಕೆ ಹೋಗುವುದು ಈಗ ಸಾಮಾನ್ಯ. ಅಲ್ಲಿ ಕಾರು ಬಾಡಿಗೆಗೆ ಬೇಕಾದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ನೀವು ವಾಸವಿರುವ ಊರಿನ ಆರ್‌ಟಿಓ ಕೊಡುತ್ತದೆ. ಶುಲ್ಕ 1000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ನಿಮ್ಮ ಲೈಸೆನ್ಸಿನಲ್ಲಿ ಇನ್ನೂ ಮೈಸೂರೋ ಮಂಗಳೂರೋ ವಿಳಾಸ ಇದ್ದರೆ ಮೊದಲು ಲೈಸೆನ್ಸ್ ಕೆಲಸಗಳ ಸರ್ಕಾರಿ ವೆಬ್‌ಸೈಟ್ ‘ಸಾರಥಿ’ ಪೋರ್ಟಲಿನಲ್ಲಿ ಬದಲಿಸಿ. ಟಿಕೆಟ್ ಕೈಯಲ್ಲಿ ಹಿಡಿದು ಕೊನೇ ವಾರದಲ್ಲಿ ಓಡಾಡುವವರೇ ಜಾಸ್ತಿ. ಬಳ್ಳಾರಿಗೆ ಬಂದ ತಿಂಗಳೇ ಈ ಕೆಲಸ ಮುಗಿಸಿ. ಪರ್ಮಿಟ್ ಜೊತೆ ಮೂಲ ಲೈಸೆನ್ಸೂ ಇರಬೇಕು.

ಬ್ರಿಟನ್, ಆಸ್ಟ್ರೇಲಿಯಾ, ಜಪಾನ್, ಸಿಂಗಾಪುರದಲ್ಲಿ ಗಾಡಿ ಓಡಿಸುವುದು ನಮ್ಮ ಹಾಗೆ ರಸ್ತೆಯ ಎಡಬದಿ. ಅಮೆರಿಕ, ಜರ್ಮನಿ, ದುಬೈಯಲ್ಲಿ ಬಲಬದಿ. ಬಲಬದಿಯ ದೇಶದಲ್ಲಿ ಮೊದಲ ದಿನ ಆಟೋಮ್ಯಾಟಿಕ್ ಗಾಡಿಯೇ ಇರಲಿ. ಕೈ ಗೇರಿಗೆ ತಡಕಾಡುವ ಗೊಂದಲ ತಪ್ಪುತ್ತದೆ. ಬುಕ್ ಮಾಡುವಾಗ ಕ್ರೆಡಿಟ್ ಕಾರ್ಡ್ ಓಡಿಸುವವರ ಹೆಸರಲ್ಲೇ ಇರಬೇಕು, ಯಾಕೆಂದರೆ ಡೆಪಾಸಿಟ್ ಅದರ ಮೇಲೆ ಹಿಡಿದಿಡುತ್ತಾರೆ. ಅಮೆರಿಕದಲ್ಲಿ ಓದುವ ಮಗ 25 ದಾಟಿಲ್ಲದಿದ್ದರೆ ಸಾಮಾನ್ಯವಾಗಿ ದಿನಕ್ಕಿಷ್ಟು ಅಂತ ಹೆಚ್ಚು ಕೇಳುತ್ತಾರೆ. ಗಂಡ ಹೆಂಡತಿ ಇಬ್ಬರೂ ಓಡಿಸುವುದಾದರೆ ಇಬ್ಬರ ಹೆಸರೂ ಕರಾರಿನಲ್ಲಿ ಬರೆಸಿ. ಹೆಸರಿಲ್ಲದವರು ಸ್ಟೇರಿಂಗ್ ಹಿಡಿದಾಗ ಗಾಡಿಗೆ ಪೆಟ್ಟಾದರೆ ಇನ್ಶೂರೆನ್ಸ್ ಬರುವುದಿಲ್ಲ.

ಆ ಇನ್ಶೂರೆನ್ಸ್ ಕಾಗದದಲ್ಲಿ ಒಂದು ಸಾಲನ್ನು ಮಾತ್ರ ನಿಧಾನವಾಗಿ ಓದಿ. ಗಾಡಿಗೆ ಪೆಟ್ಟಾದರೆ ಮೊದಲ ಇಷ್ಟು ಮೊತ್ತ ನೀವೇ ಕೊಡಬೇಕು ಅಂತ ಅಲ್ಲಿ ಬರೆದಿರುತ್ತದೆ. ಟಯರ್, ಗ್ಲಾಸು ಬಹಳ ಸಲ ಅದರಲ್ಲಿ ಸೇರಿರುವುದಿಲ್ಲ. ಸ್ಪೀಡ್ ಕ್ಯಾಮೆರಾ ದಂಡ ಊರಿಗೆ ಮರಳಿದ ಮೇಲೂ ಕಾರ್ಡಿಗೆ ಬೀಳಬಹುದು. ಎರಡು ಮೂರು ತಿಂಗಳು ಸ್ಟೇಟ್‌ಮೆಂಟ್ ನೋಡುತ್ತಿರಿ, ಗಾಡಿ ವಾಪಸ್ ಕೊಟ್ಟ ರಸೀದಿ ಎಸೆಯಬೇಡಿ.